ಕೊಕ್ಕರೆ ಹೆಂಡತಿ ಹಾರಿಹೋಗಲೇಬೇಕಾ? ಜಪಾನಿನ ಅಜ್ಜಿಕಥೆಗಳನ್ನು ಕನ್ನಡದಲ್ಲಿ ಹೊಸದಾಗಿ ಹೇಳುವ ಬಗ್ಗೆ

ಪ್ರಶ್ನೆ (ಮಂಡ್ಯ ಜಿಲ್ಲೆಯ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರಿಂದ): "ಮೇಡಂ, ನಾನು ಪ್ರತಿ ಶನಿವಾರ ಶಾಲೆಯಲ್ಲಿ ಮಕ್ಕಳಿಗೆ ಕಥೆ ಹೇಳುತ್ತೇನೆ. ಎರಡು ವರ್ಷದಿಂದ ಜಪಾನಿನ ಅಜ್ಜಿಕಥೆಗಳನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದೇನೆ. ಅವುಗಳಿಂದ ಹೊಳೆದದ್ದನ್ನು ಇಟ್ಟುಕೊಂಡು ಕನ್ನಡದಲ್ಲಿ ನನ್ನದೇ ರೀತಿಯಲ್ಲಿ ಬರೆಯಬೇಕು ಅಂತ ಆಸೆ. ಅದರಲ್ಲೂ ಒಂದು ಕಥೆ ಮನಸ್ಸಲ್ಲಿ ಕೂತುಬಿಟ್ಟಿದೆ. ಬಡವನೊಬ್ಬ ಗಾಯಗೊಂಡ ಕೊಕ್ಕರೆಯನ್ನು ಉಳಿಸುತ್ತಾನೆ. ಅದು ಹೆಣ್ಣಾಗಿ ಬಂದು ಅವನ ಹೆಂಡತಿಯಾಗುತ್ತದೆ. 'ಒಳಗೆ ನೋಡಬೇಡ' ಅಂತ ಹೇಳಿ, ಬಾಗಿಲು ಹಾಕಿಕೊಂಡು, ತನ್ನ ಗರಿ ಕಿತ್ತು ಬಟ್ಟೆ ನೇಯುತ್ತದೆ. ಅವನು ನೋಡಿಬಿಡುತ್ತಾನೆ, ಅದು ಹಾರಿಹೋಗುತ್ತದೆ. ಇದನ್ನು ಬರೆದು ಒಬ್ಬ ಸಂಪಾದಕರಿಗೆ ತೋರಿಸಿದೆ. ಕೊನೆ ದುಃಖದ್ದು, ಮಕ್ಕಳಿಗೆ ಬೇಡ, ಇಬ್ಬರನ್ನೂ ಒಂದು ಮಾಡಿ ಅಂದರು. ನನ್ನ ಸಹೋದ್ಯೋಗಿ, ಜನಪದ ಕಥೆಗೆ ಯಜಮಾನರಿಲ್ಲ, ಹೆಸರು ಬದಲಿಸಿ ನಮ್ಮೂರಿಗೆ ತಂದರೆ ಸಾಕು ಅನ್ನುತ್ತಾರೆ. ನನಗೆ ಜಪಾನಿ ಬರುವುದಿಲ್ಲ. ಇದು ಕದ್ದ ಹಾಗಾಗುತ್ತದಾ? ಎಷ್ಟು ಬದಲಿಸಬಹುದು?"

ಉತ್ತರ: ನಿಮ್ಮ ಪತ್ರದಲ್ಲಿ ಕಾನೂನಿನ ಪ್ರಶ್ನೆ ಇದೆ, ಬರವಣಿಗೆಯ ಪ್ರಶ್ನೆ ಇದೆ, ಆದರೆ ಎರಡರ ಕೆಳಗೂ ನನಗೆ ಕೇಳಿಸಿದ್ದು ಒಂದೇ ಅಳುಕು. ಬೇರೆಯವರ ಮನೆಯ ಕಥೆಯನ್ನು ಮುಟ್ಟುವ ಹಕ್ಕು ನನಗಿದೆಯಾ ಅಂತ. ಇಪ್ಪತ್ತು ವರ್ಷದಿಂದ ಮಕ್ಕಳ ಕಥೆಗಳನ್ನು ತಿದ್ದುವ, ಬೇರೆ ಭಾಷೆಯಿಂದ ಕನ್ನಡಕ್ಕೆ ತರುವ ಕೆಲಸದಲ್ಲಿದ್ದೇನೆ. ಈ ಅಳುಕು ಇರುವವರು ಬರೆದ ಕಥೆಗಳೇ ಜಾಸ್ತಿ ಚೆನ್ನಾಗಿರುತ್ತವೆ. ಹಾಗಾಗಿ ಅದನ್ನು ಪೂರ್ತಿ ಬಿಡಬೇಡಿ, ಸ್ವಲ್ಪ ಸಡಿಲ ಮಾಡಿಕೊಳ್ಳಿ.

ಎಲ್ಲೋ ಜಪಾನಿನ ಹಳ್ಳಿಯಲ್ಲಿ ಈ ಕಥೆಯ ಒಂದು ಅಸಲಿ ರೂಪ ಇದೆ, ನಾವು ಕೈ ಹಾಕಿದರೆ ಅದು ಕೆಡುತ್ತದೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಅದು ನಿಜವಲ್ಲ. ಪೀಚ್ ಹಣ್ಣಿನಿಂದ ಹುಟ್ಟುವ ಮೊಮೊತಾರೋ ಎಂಬ ಹುಡುಗನ ಕಥೆ ಓದಿರುತ್ತೀರಿ. ಎದೋ ಕಾಲದ (1603–1868) ಹಲವು ಪುಸ್ತಕಗಳಲ್ಲಿ ಅವನು ಹಣ್ಣಿನಿಂದ ಹುಟ್ಟುವುದೇ ಇಲ್ಲ. ಅಜ್ಜ ಅಜ್ಜಿ ಹಣ್ಣು ತಿಂದು ಮತ್ತೆ ಹರೆಯದವರಾಗುತ್ತಾರೆ, ಆಮೇಲೆ ಎಲ್ಲರ ಹಾಗೆ ಅವರಿಗೂ ಮಗು ಆಗುತ್ತದೆ. ಅದರ ನಂತರದ ಮೇಜಿ ಕಾಲದಲ್ಲಿ ಕಥೆ ಶಾಲೆಯ ಪಾಠವಾದಾಗ ಅದು ಬದಲಾಯಿತು, ಮಗು ನೇರವಾಗಿ ಹಣ್ಣಿನೊಳಗಿಂದಲೇ ಬರುವುದೇ ಎಲ್ಲ ಕಡೆ ನಿಂತಿತು. ಎರಡನೇ ಮಹಾಯುದ್ಧದಲ್ಲಿ ಅದೇ ಹುಡುಗನನ್ನು ಸೇನಾಧಿಪತಿ ಮಾಡಿ, 1945ರಲ್ಲಿ ಜಪಾನಿನ ಮೊದಲ ಪೂರ್ಣಾವಧಿ ಆನಿಮೇಷನ್ ಸಿನಿಮಾ ತೆಗೆದರು. ಆಮೆಯ ಬೆನ್ನೇರಿ ಸಮುದ್ರದೊಳಗಿನ ಅರಮನೆಗೆ ಹೋಗುವ ಉರಾಶಿಮಾನದೂ ಹಾಗೇ. ಅವನ ಸುದ್ದಿ 720ರ 'ನಿಹೋನ್ ಶೋಕಿ' ಎಂಬ ಜಪಾನಿನ ಹಳೆಯ ಇತಿಹಾಸ ಗ್ರಂಥದಲ್ಲೇ ಇದೆ. ಅಲ್ಲಿ ಹುಡುಗರು ಆಮೆಯನ್ನು ಹಿಂಸಿಸುವುದೂ ಇಲ್ಲ, ಅವನು ಅದನ್ನು ಬಿಡಿಸುವುದೂ ಇಲ್ಲ. ಮೀನು ಹಿಡಿಯಲು ಹೋದವನಿಗೆ ಆಮೆ ಸಿಗುತ್ತದೆ, ಅದೇ ಹೆಣ್ಣಾಗುತ್ತದೆ. ದಯೆಯ ಪಾಠ ಬಹಳ ಆಮೇಲೆ ಸೇರಿದ್ದು.

ನಿಮ್ಮ ಕೊಕ್ಕರೆ ಕಥೆಗೂ ಕನಿಷ್ಠ ಎರಡು ಮುಖ ಇವೆ. ಒಂದರಲ್ಲಿ ಅವಳು ಹೆಂಡತಿ, ಅದನ್ನು 'ತ್ಸುರು ನ್ಯೋಬೋ' ಅನ್ನುತ್ತಾರೆ. ಇನ್ನೊಂದು 'ತ್ಸುರು ನೋ ಓಂಗಾಯೆಶಿ', ಅಂದರೆ ಕೊಕ್ಕರೆ ಋಣ ತೀರಿಸಿದ್ದು. ಅದರಲ್ಲಿ ಕೊಕ್ಕರೆಯನ್ನು ಉಳಿಸುವವನು ಒಬ್ಬ ಮುದುಕ. ಹಿಮ ಸುರಿಯುವ ರಾತ್ರಿ ಮಕ್ಕಳಿಲ್ಲದ ಆ ಅಜ್ಜ ಅಜ್ಜಿಯ ಮನೆಗೆ ಅವಳು ಮಗಳಾಗಿ ಬರುತ್ತಾಳೆ. ನೋಡಿದ ಕಾರಣವೂ ಒಂದೇ ಅಲ್ಲ. ಕೆಲವು ಕಡೆ ಸುಮ್ನೆ ಕುತೂಹಲ, ಕೆಲವು ಕಡೆ ದುಡ್ಡಿನ ಆಸೆ, ಇನ್ನು ಕೆಲವು ಕಡೆ ಮಗು ಒಳಗೇನು ಕಷ್ಟಪಡುತ್ತಿದೆಯೋ ಅನ್ನುವ ಕಾಳಜಿ. ನೀವು ಓದಿದ್ದು ಒಂದೇ ರೂಪವಾದರೆ ದಯವಿಟ್ಟು ಇನ್ನೆರಡು ಹುಡುಕಿ ಓದಿ. ಮೂರನ್ನು ಪಕ್ಕಪಕ್ಕ ಇಟ್ಟುಕೊಂಡರೆ ಯಾವುದು ಅಲ್ಲಾಡುತ್ತದೆ, ಯಾವುದು ಅಲ್ಲಾಡುವುದಿಲ್ಲ ಅಂತ ತಾನಾಗಿ ಕಾಣುತ್ತದೆ. ಗಂಡನೋ ಅಪ್ಪನೋ, ಆಸೆಯೋ ಪ್ರೀತಿಯೋ, ಅದೆಲ್ಲ ಅಲ್ಲಾಡುತ್ತದೆ. ಮುಚ್ಚಿದ ಬಾಗಿಲು, ತನ್ನ ಮೈಯಿಂದಲೇ ಕಿತ್ತ ಗರಿ, ನೋಡಿದ ಮೇಲಿನ ಅಗಲಿಕೆ, ಈ ಮೂರು ಮಾತ್ರ ಕದಲುವುದಿಲ್ಲ. ಇವನ್ನು ನಾನು ಕಥೆಯ ಎಲುಬು ಅನ್ನುತ್ತೇನೆ.

ಹಾಗಾದರೆ ಎಲುಬನ್ನು ಮುಟ್ಟಲೇಬಾರದಾ? ಮುಟ್ಟಬಹುದು. ಆದರೆ ಮುಟ್ಟುತ್ತಿದ್ದೇನೆ ಅಂತ ಗೊತ್ತಿದ್ದು ಮುಟ್ಟಬೇಕು. ನಮ್ಮದೇ ಕಥೆಯೊಂದು ಆ ಕಡೆ ಹೋದಾಗ ಏನಾಯಿತು ನೋಡಿ. ಶೃಂಗೇರಿ ಹತ್ತಿರದ ಕಿಗ್ಗದಲ್ಲಿ ಮಳೆಗಾಗಿ ಇವತ್ತಿಗೂ ಋಷ್ಯಶೃಂಗನಿಗೆ ಪೂಜೆ ಮಾಡಿಸುತ್ತಾರಲ್ಲ, ಅವನು ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಜಪಾನಿಗೂ ಹೋಗಿದ್ದಾನೆ. ಅಲ್ಲಿ ಅವನ ಹೆಸರು ಇಕ್ಕಾಕು ಸೆನ್ನಿನ್, ಒಂಟಿ ಕೊಂಬಿನ ತಪಸ್ವಿ. 12ನೇ ಶತಮಾನದ 'ಕೊಂಜಾಕು ಮೊನೊಗತಾರಿಶು' ಎಂಬ ದೊಡ್ಡ ಸಂಗ್ರಹದಲ್ಲಿ ಅವನ ಕಥೆ ಇದೆ. ಸಾವಿರಕ್ಕೂ ಹೆಚ್ಚು ಕಥೆಗಳ ಆ ಸಂಗ್ರಹದ ಮೊದಲ ಭಾಗವೇ ಭಾರತದ ಕಥೆಗಳದ್ದು. ರಾಮಾಯಣದಲ್ಲಿ ರಾಜನ ತಪ್ಪಿನಿಂದ ಬರ ಬರುತ್ತದೆ, ಋಷ್ಯಶೃಂಗ ಬಂದು ಕಾಲಿಟ್ಟೊಡನೆ ಮಳೆ ಸುರಿಯುತ್ತದೆ. ಇಕ್ಕಾಕು ಮಾತ್ರ ಮಳೆಯಲ್ಲಿ ನೆನೆದ ಬೆಟ್ಟದ ದಾರಿಯಲ್ಲಿ ಜಾರಿ ಬೀಳುತ್ತಾನೆ, ಸಿಟ್ಟಿಗೆದ್ದು ಮಳೆ ತರುವ ನಾಗರಾಜರನ್ನೇ ತನ್ನ ಕಮಂಡಲದೊಳಗೆ ಕೂಡಿಹಾಕುತ್ತಾನೆ. ಬರ ತಂದವನೇ ಅವನು! ಚೆಲುವೆಯೊಬ್ಬಳು ಬಂದು ಅವನ ತಪಸ್ಸು ಕೆಡಿಸಿದ ಮೇಲೆ ನಾಗರಾಜರು ಹೊರಬಿದ್ದು ಮಳೆ ಸುರಿಸುತ್ತಾರೆ. ಕೊಂಬು ಉಳಿಯಿತು, ಹೆಣ್ಣು ಉಳಿದಳು, ಮಳೆ ಉಳಿಯಿತು. ಬದಲಾದದ್ದು ಒಂದೇ, ತಪ್ಪು ಯಾರದು ಅನ್ನುವುದು. ಅಷ್ಟಕ್ಕೇ ಬೇರೆ ಕಥೆಯಾಯಿತು, ಆಮೇಲೆ ಅದರಿಂದ ಜಪಾನಿನ ಹಳೆಯ ರಂಗಪ್ರಕಾರಗಳಾದ 'ನೋ' ಮತ್ತು 'ಕಬುಕಿ' ಎರಡರಲ್ಲೂ ನಾಟಕ ಬಂತು. ಕಥೆಗಳು ಈ ದಾರಿಯಲ್ಲಿ ಆ ಕಡೆಗೂ ಹೋಗಿವೆ. ಈಗ ನೀವು ಒಂದನ್ನು ಈ ಕಡೆ ತಂದರೆ ಅದರಲ್ಲಿ ಕಳ್ಳತನ ಏನೂ ಇಲ್ಲ.

ಇನ್ನು ನಿಮ್ಮ ಸಹೋದ್ಯೋಗಿಯ ಮಾತು. ಅದು ಅರ್ಧ ಸರಿ. ಬಾಯಿಂದ ಬಾಯಿಗೆ ಬಂದ ಕಥೆಗೆ ಯಜಮಾನರಿಲ್ಲ ನಿಜ, ಆದರೆ ಅದನ್ನು ಒಬ್ಬರು ಕೂತು ಬರೆದರೆ ಆ ಬರವಣಿಗೆಗೆ ಯಜಮಾನರಿದ್ದಾರೆ, ಅದನ್ನು ಅನುವಾದ ಮಾಡಿದರೆ ಆ ಅನುವಾದಕ್ಕೂ ಇದ್ದಾರೆ, ಚಿತ್ರ ಬರೆದವರಿಗೆ ಚಿತ್ರದ ಹಕ್ಕು ಬೇರೆ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಇರುತ್ತದೆ. ಜಪಾನಿನಲ್ಲಿ 50 ವರ್ಷ ಇದ್ದದ್ದು 2018ರ ಕೊನೆಯಲ್ಲಿ 70 ಆಯಿತು. ಹಾಗಾಗಿ ಮೊನ್ನೆ ಮೊನ್ನೆ ಬಂದ ಇಂಗ್ಲಿಷ್ ಪುಸ್ತಕವೊಂದನ್ನು ಮುಂದಿಟ್ಟುಕೊಂಡು, ಅದರ ವಾಕ್ಯಗಳನ್ನೇ ಕನ್ನಡ ಮಾಡಿ, 'ಜಪಾನಿನ ಜನಪದ ಕಥೆ' ಅಂತ ಮೇಲೆ ಬರೆದರೆ ಅದು ಜನಪದದ್ದು ಆಗುವುದಿಲ್ಲ, ಆ ಲೇಖಕರದ್ದೇ ಆಗಿರುತ್ತದೆ.

ನಿಮ್ಮ ಕಥೆಯಲ್ಲೇ ಇಂಥ ಒಂದು ಗುಂಡಿ ಇದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕಿನೋಶಿತಾ ಜುಂಜಿ ಎಂಬ ನಾಟಕಕಾರರು 1949ರಲ್ಲಿ ಇದೇ ಕಥೆಯಿಂದ 'ಯೂಜುರು' ಎಂಬ ನಾಟಕ ಬರೆದರು. ಬಹಳ ಹೆಸರಾಯಿತು. ಗಂಡನಿಗೆ ಯೋಹ್ಯೋ ಅಂತ, ಹೆಂಡತಿಗೆ ತ್ಸೂ ಅಂತ ಹೆಸರಿಟ್ಟವರು ಅವರು. ದುಡ್ಡಿನ ಆಸೆ ಹುಟ್ಟಿಸುವ ಊರವರ ಮಾತು ತ್ಸೂಗೆ ಇದ್ದಕ್ಕಿದ್ದಂತೆ ಅರ್ಥವೇ ಆಗದೆ ಹೋಗುವುದು ಆ ನಾಟಕದ ದೃಶ್ಯ. ಕಿನೋಶಿತಾ ತೀರಿಕೊಂಡಿದ್ದು 2006ರಲ್ಲಿ, ಹಕ್ಕು ಇನ್ನೂ ಬಹಳ ವರ್ಷ ಇರುತ್ತದೆ. ನೀವು ಓದಿದ ರೂಪದಲ್ಲಿ ಆ ಹೆಸರುಗಳೋ ಆ ದೃಶ್ಯವೋ ಇದ್ದರೆ ಅದನ್ನು ಬಿಟ್ಟು ಬರೆಯಿರಿ. ಹಾಗೆಯೇ ಅಜ್ಜಿಕಥೆಯಂತೆ ಕಾಣುವ, ಆದರೆ ಒಬ್ಬರೇ ಬರೆದ ಕಥೆಗಳಿವೆ. ಓನಿ ಅಂದರೆ ಜಪಾನಿನ ಕಥೆಗಳ ಕೊಂಬಿರುವ ಭೂತ. ಮನುಷ್ಯರ ಸ್ನೇಹ ಬಯಸಿ ಕೊನೆಗೆ ಅಳುವ ಕೆಂಪು ಓನಿಯ ಕಥೆಯನ್ನು ಎಷ್ಟೋ ಜನ ಹಳೆಯ ಕಥೆ ಅಂದುಕೊಂಡಿದ್ದಾರೆ. ಅದನ್ನು ಬರೆದವರು ಹಮಾದಾ ಹಿರೋಸುಕೆ, ತೀರಿಕೊಂಡದ್ದು 1973ರಲ್ಲಿ. ಅದರ ಹಕ್ಕೂ ಇನ್ನೂ ಮುಗಿದಿಲ್ಲ.

ಹಳೆಯ ಇಂಗ್ಲಿಷ್ ಪುಸ್ತಕಗಳಾದರೆ ಕಾನೂನಿನ ಭಯವಿಲ್ಲ. ಯೇ ಥಿಯೊಡೊರಾ ಒಝಾಕಿ ಅವರ ಸಂಗ್ರಹ 1903ರದ್ದು, ಜಪಾನಿನ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದ ಲಫ್ಕಾಡಿಯೊ ಹರ್ನ್ ತೀರಿಕೊಂಡದ್ದು 1904ರಲ್ಲಿ. ಅವುಗಳಲ್ಲಿ ಇರುವ ಅಪಾಯ ಬೇರೆ. ಇದು ಅಕ್ಷರಶಃ ಅನುವಾದ ಅಲ್ಲ, ತೋಚಿದ ಕಡೆ ಬಣ್ಣ ಸೇರಿಸಿದ್ದೇನೆ, ಒಂದೆರಡು ಕಡೆ ಬೇರೆ ರೂಪದಿಂದ ಘಟನೆ ತಂದಿದ್ದೇನೆ ಅಂತ ಒಝಾಕಿ ಮುನ್ನುಡಿಯಲ್ಲೇ ಒಪ್ಪಿಕೊಳ್ಳುತ್ತಾರೆ. ಪಶ್ಚಿಮದ ಮಕ್ಕಳಿಗೆ ಹಿಡಿಸಲಿ ಅನ್ನುವುದು ಅವರ ಆಸೆಯಾಗಿತ್ತು. ಅದರಲ್ಲಿ ತಪ್ಪಿಲ್ಲ, ಆದರೆ ನೀವು ಜಪಾನಿನದು ಅಂದುಕೊಂಡು ಎತ್ತಿಕೊಂಡ ಸಾಲು ಲಂಡನ್ನಿನ ಓದುಗರಿಗಾಗಿ ಸೇರಿಸಿದ್ದಾಗಿರಬಹುದು. ಒಂದು ಚಿಕ್ಕ ಉದಾಹರಣೆ ಕೊಡುತ್ತೇನೆ. ಜಪಾನಿನ ಕಥೆಗಳಲ್ಲಿ ತನುಕಿ ಅಂತ ಒಂದು ಪ್ರಾಣಿ ಬರುತ್ತದೆ, ನಾಯಿಯ ಜಾತಿಯದು, ವೇಷ ಬದಲಿಸುವುದರಲ್ಲಿ ಗಟ್ಟಿಗ. ಹಳೆಯ ಇಂಗ್ಲಿಷಿನಲ್ಲಿ ಅದನ್ನು ಬ್ಯಾಜರ್ ಮಾಡಿದರು. ಅಲ್ಲಿಂದ ಕನ್ನಡಕ್ಕೆ ತಂದವರೊಬ್ಬರು ಕರಡಿ ಮಾಡಿದ್ದನ್ನು ನಾನೇ ತಿದ್ದಿದ್ದೇನೆ. ಎರಡು ಹೆಜ್ಜೆಯಲ್ಲಿ ವೇಷಗಾರ ಪ್ರಾಣಿ ಹೋಗಿ ದಡ್ಡ ಪ್ರಾಣಿ ಬಂತು, ಕಥೆಯ ಅರ್ಧ ಜೀವ ಹೋಯಿತು. ತನುಕಿಯನ್ನು ತನುಕಿ ಅಂತಲೇ ಬಿಟ್ಟು ಒಂದು ಸಾಲಿನಲ್ಲಿ ಪರಿಚಯ ಮಾಡಿ. ಓನಿಯನ್ನು ರಾಕ್ಷಸ ಅನ್ನುವ ಮೊದಲೂ ಒಮ್ಮೆ ಯೋಚನೆ ಮಾಡಿ. ರಾಕ್ಷಸ ಅಂದೊಡನೆ ನಮ್ಮ ಮಕ್ಕಳ ಕಣ್ಣಿಗೆ ರಾವಣ, ಬಕಾಸುರ ಬಂದು ನಿಲ್ಲುತ್ತಾರೆ.

ನಿಮಗೆ ಜಪಾನಿ ಬರದಿರುವುದು ಕೊರತೆಯೇ. ಅದಕ್ಕೆ ನನಗೆ ಗೊತ್ತಿರುವ ಪರಿಹಾರ ಮೇಲೆ ಹೇಳಿದ್ದೇ: ಒಬ್ಬರನ್ನೇ ನಂಬದೆ ಮೂರು ಜನರ ಕೈಯಲ್ಲಿ ಕಥೆ ಕೇಳುವುದು.

ಈಗ ಸಂಪಾದಕರು ಹೇಳಿದ ಕೊನೆಯ ವಿಷಯ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕಂದರೆ ಇದೇ ಮುಖ್ಯ.

ದುಃಖದ ಕೊನೆ ಮಕ್ಕಳಿಗೆ ಬೇಡ ಅನ್ನುವುದು ದೊಡ್ಡವರ ಭಯ. ಜಪಾನಿನಲ್ಲೂ ಆ ಭಯ ಇದೆ. ತನುಕಿ ಅಜ್ಜಿಯನ್ನು ಕೊಂದು, ಅವಳ ಸಾರು ಮಾಡಿ ಅಜ್ಜನಿಗೇ ಬಡಿಸುವ 'ಕಾಚಿ ಕಾಚಿ ಯಾಮಾ' ಕಥೆಯಲ್ಲಿ ಈಗಿನ ಮಕ್ಕಳ ಪುಸ್ತಕಗಳು ಅಜ್ಜಿಗೆ ಬರೀ ಪೆಟ್ಟಾಯಿತು ಅಂತ ಹೇಳಿ ಮುಗಿಸುವುದುಂಟು. ಅದನ್ನು ನಾನು ಒಪ್ಪುತ್ತೇನೆ, ಆರು ವರ್ಷದ ಮಗುವಿಗೆ ಆ ಸಾರು ಬೇಡ. ಆದರೆ ಕ್ರೌರ್ಯ ಬೇರೆ, ಅಗಲಿಕೆ ಬೇರೆ. ಮನಶ್ಶಾಸ್ತ್ರಜ್ಞ ಕವಾಯಿ ಹಯಾವೊ 1982ರ ತಮ್ಮ ಪುಸ್ತಕದಲ್ಲಿ ಜಪಾನಿನ ಕಥೆಗಳನ್ನು ಯುರೋಪಿನ ಕಥೆಗಳ ಪಕ್ಕ ಇಟ್ಟು ನೋಡಿದರು. ಯುರೋಪಿನಲ್ಲಿ ಕಪ್ಪೆ ರಾಜಕುಮಾರನಾಗುತ್ತದೆ, ಮದುವೆಯಾಗುತ್ತದೆ, ಅಲ್ಲಿಗೆ ಮುಗಿಯಿತು. ಜಪಾನಿನಲ್ಲಿ ಹೆಣ್ಣಾಗಿದ್ದವಳು ಹಕ್ಕಿ ಅಂತ ಗೊತ್ತಾಗುತ್ತದೆ, ಹೊರಟುಹೋಗುತ್ತಾಳೆ. ಅವರು ಎತ್ತಿಕೊಂಡ ಒಂದು ಕಥೆಯಲ್ಲಿ ಸೌದೆ ಕಡಿಯುವವನೊಬ್ಬ ಕಾಡಿನಲ್ಲಿ ಎಂದೂ ನೋಡದ ದೊಡ್ಡ ಮನೆಗೆ ಹೋಗುತ್ತಾನೆ. ಆ ಮನೆಯ ಹೆಣ್ಣು, ಒಳಗಿನ ಕೋಣೆ ನೋಡಬೇಡ ಅಂತ ಹೇಳಿ ಹೊರಗೆ ಹೋಗುತ್ತಾಳೆ. ಅವನು ನೋಡುತ್ತಾನೆ, ಅಲ್ಲಿದ್ದ ಮೂರು ಮೊಟ್ಟೆ ಕೈಜಾರಿ ಬಿದ್ದು ಒಡೆಯುತ್ತವೆ. ಅವಳು ಪುಟ್ಟ ಹಕ್ಕಿಯಾಗಿ, ಮಕ್ಕಳಿಗಾಗಿ ಅಳುತ್ತಾ ಹಾರಿಹೋಗುತ್ತಾಳೆ. ಕಣ್ಣು ಬಿಟ್ಟು ನೋಡಿದರೆ ಮನೆ ಇಲ್ಲ, ಬರೀ ಬಯಲು. ಅವನಿಗೆ ಶಿಕ್ಷೆ ಆಗುವುದಿಲ್ಲ, ಬಹುಮಾನವೂ ಸಿಗುವುದಿಲ್ಲ. ನಿಂತಿರುತ್ತಾನೆ ಅಷ್ಟೇ. ಆ ಖಾಲಿ ಬಯಲೇ ಕಥೆ. ಅಲ್ಲಿ ಇಬ್ಬರನ್ನೂ ಸೇರಿಸಿ ಮದುವೆ ಮಾಡಿಸಿದರೆ ಉಳಿಯುವುದೇನು?

ನಮ್ಮಲ್ಲೂ ಹತ್ತಿರದ ಕಥೆ ಇದೆಯಲ್ಲ. ಎ.ಕೆ. ರಾಮಾನುಜನ್ ಕನ್ನಡದಲ್ಲೇ ಕೇಳಿ ಬರೆದುಕೊಂಡ, ಹೂವಿನ ಮರವಾಗುವ ಹುಡುಗಿಯ ಕಥೆ. ಅವಳೂ ತನ್ನ ಮೈಯನ್ನೇ ಕೊಟ್ಟು ಮನೆ ಸಾಕುತ್ತಾಳೆ, ನೋಡಬಾರದವರು ನೋಡುತ್ತಾರೆ, ಕೊಂಬೆ ಮುರಿಯುತ್ತಾರೆ. ಆದರೆ ಅಲ್ಲಿ ಮುರಿದ ಕೊಂಬೆಯನ್ನು ಗಂಡ ಮತ್ತೆ ಕೂಡಿಸುತ್ತಾನೆ, ಅವಳು ಮರಳಿ ಬರುತ್ತಾಳೆ. ಹೋಲಿಕೆ ಕಂಡೊಡನೆ ಎರಡನ್ನೂ ಒಂದು ಮಾಡುವ ಆಸೆ ಬರುತ್ತದೆ, ಆ ಆಸೆಯನ್ನು ತಡೆಯಿರಿ. ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ನಿಮ್ಮ ಕಥೆಗೆ ಜಾಗ ಇರುತ್ತದೆ. ಉರಾಶಿಮಾ ಸಮುದ್ರದ ಅರಮನೆಯಿಂದ ಊರಿಗೆ ಮರಳುವಷ್ಟರಲ್ಲಿ ನೂರಾರು ವರ್ಷ ಕಳೆದಿರುವುದನ್ನು ಓದಿದಾಗ ನಿಮಗೆ ರೇವತಿಯ ಅಪ್ಪ ಕಕುದ್ಮಿ ನೆನಪಾಗಿರಬಹುದು. ಅವನೂ ಬ್ರಹ್ಮಲೋಕದಲ್ಲಿ ಗಳಿಗೆ ಕಳೆದು ವಾಪಸು ಬರುವಷ್ಟರಲ್ಲಿ ಯುಗಗಳೇ ಉರುಳಿರುತ್ತವೆ. ಆದರೆ ಅವನ ಪಕ್ಕದಲ್ಲಿ ಮಗಳಿದ್ದಾಳೆ, ಅವಳಿಗೆ ಬಲರಾಮ ಸಿಗುತ್ತಾನೆ. ಉರಾಶಿಮಾ ಒಬ್ಬನೇ, ಕೈಯಲ್ಲೊಂದು ತೆರೆಯಬಾರದ ಪೆಟ್ಟಿಗೆ.

ಒಮ್ಮೆ ಒಂದು ಶಾಲೆಯಲ್ಲಿ ಕೊಕ್ಕರೆ ಕಥೆಯನ್ನು ಕೊನೆ ಬದಲಿಸದೆ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಅಷ್ಟೊಂದು ಗರಿ ಕಿತ್ತ ಮೇಲೆ ಹಾರೋಕೆ ಆಗುತ್ತಾ ಮಿಸ್?" ಅವಳು ಕೇಳಿದ ಮೇಲೇ ನನಗೂ ಅದು ಹೊಳೆದದ್ದು. ಹಕ್ಕಿ ತನಗೆ ಹಾರಲು ಬೇಕಾದಷ್ಟು ಗರಿ ಉಳಿಸಿಕೊಂಡಿತ್ತಾ? ಅಂದರೆ ಅವನು ನೋಡೇ ನೋಡುತ್ತಾನೆ ಅಂತ ಮೊದಲೇ ಗೊತ್ತಿತ್ತಾ? ಅಥವಾ ಇನ್ನೊಂದು ಮೊಳ ನೇಯ್ದಿದ್ದರೆ ಹಾರಲಾಗದೆ ಅಲ್ಲೇ ಉಳಿಯುತ್ತಿತ್ತಾ? ಸಂಪಾದಕರು ಕೇಳಿದ ಬದಲಾವಣೆಗಿಂತ ಇದು ಎಷ್ಟೋ ಆಳದ್ದು, ಅಲ್ವಾ? ಮಕ್ಕಳಿಗೆ ಮೊದಲು ಹೇಳಿ ನೋಡಿ ಅನ್ನುವುದು ಇದಕ್ಕೇ. ನಿಮಗೆ ಪ್ರತಿ ಶನಿವಾರ ಆ ಅವಕಾಶ ಇದೆ.

ಮಾಡಬಹುದಾದದ್ದು ಏನು ಅಂದರೆ, ಸರಳ ದಾರಿ ಕಥೆಯನ್ನು ಜಪಾನಿನಲ್ಲೇ ಬಿಡುವುದು. ಹಿಮ, ಮರದ ಮನೆ, ಬೆಂಕಿಯ ಗುಂಡಿ ಎಲ್ಲ ಅಲ್ಲೇ ಇರಲಿ, ಕನ್ನಡ ಮಾತ್ರ ನಿಮ್ಮದಾಗಲಿ. ಇದರಲ್ಲಿ ಅಪಾಯ ಕಡಿಮೆ. ಆದರೆ ವಿವರಣೆ ಜಾಸ್ತಿಯಾಗಿ ಪಾಠದ ಹಾಗಾಗಬಹುದು. ಸಾಲಿಗೊಂದು ಜಪಾನಿ ಪದ ಹಾಕಬೇಡಿ.

ನಮ್ಮೂರಿಗೆ ತರುವುದು ಕಷ್ಟದ ದಾರಿ. ಹೆಸರು ಬದಲಿಸಿದರೆ ಸಾಲದು, ಕಾರಣಗಳನ್ನೂ ಬದಲಿಸಬೇಕಾಗುತ್ತದೆ. ಆ ಕಥೆಯಲ್ಲಿ ಹಿಮ ಬರೀ ಅಂದಕ್ಕೆ ಇಲ್ಲ. ಅಂಥ ರಾತ್ರಿ ಬಾಗಿಲು ತಟ್ಟಿದ ಹೆಣ್ಣನ್ನು ಯಾರೂ ವಾಪಸು ಕಳಿಸಲಾರರು, ಅದಕ್ಕೆ ಇದೆ. ಮಂಡ್ಯದಲ್ಲಿ ಆ ಕೆಲಸ ಯಾವುದು ಮಾಡುತ್ತದೆ? ನಿಮ್ಮ ಜಿಲ್ಲೆಯಲ್ಲೇ ಕೊಕ್ಕರೆ ಬೆಳ್ಳೂರು ಇದೆ. ಅಲ್ಲಿಗೆ ಬರುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ಊರವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಅವು ಹುಣಸೆ ಮರದಲ್ಲಿ ಗೂಡು ಕಟ್ಟಿದರೆ ಆ ಮರದ ಫಸಲು ಬಿಟ್ಟುಕೊಡುತ್ತಾರೆ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಟ್ಟದ್ದೂ ಇದೆ. ಆಲಿಕಲ್ಲು ಮಳೆಯ ಒಂದು ರಾತ್ರಿ ಮರಿಯೊಂದು ಬಿದ್ದರೆ? ಇಲ್ಲಿ ಹೆಂಡತಿಗಿಂತ ಮಗಳಾಗಿ ಬರುವ ರೂಪವೇ ಸಹಜವಾಗಿ ಕೂರುತ್ತದೆ, ಹಕ್ಕಿಯನ್ನು ಮಗಳು ಅನ್ನುವ ಊರಿನಲ್ಲಿ ಅವಳು ಬೇರೇನಾಗಿ ಬಂದಾಳು? ಮೇಲುಕೋಟೆಯ ಮಗ್ಗಗಳೂ ದೂರವಿಲ್ಲ. ಒಮ್ಮೆ ಹೋಗಿ ಲಾಳಿ ಹೇಗೆ ಓಡುತ್ತದೆ, ಹಾಸು ಹೊಕ್ಕು ಹೇಗೆ ಕೂಡುತ್ತದೆ ಅಂತ ಕೂತು ನೋಡಿ. ಗರಿ ಎಲ್ಲಿ ಸೇರಬೇಕು ಅನ್ನುವುದು ಕೈಯ ಕೆಲಸ ನೋಡದೆ ಬರೆಯಲು ಬರುವುದಿಲ್ಲ. ಈ ದಾರಿಯ ಅಪಾಯ ಏನಂದರೆ, ಎಲುಬು ಸರಿಯಾಗಿ ಕೂರದಿದ್ದರೆ ಪಂಚೆ ಉಟ್ಟ ಜಪಾನಿ ಕಥೆಯಾಗಿ ನಿಲ್ಲುತ್ತದೆ, ಎರಡೂ ಊರಿನವರಿಗೆ ಬೇಡವಾಗುತ್ತದೆ.

ಇನ್ನೊಂದು ದಾರಿಯೂ ಇದೆ, ನನಗೆ ತುಂಬ ಇಷ್ಟವಾದದ್ದು. ಕಥೆಯಿಂದ ಒಂದೇ ಎಳೆ ಹಿಡಿದು ಹೊರಡುವುದು. ಬಿದಿರಿನೊಳಗೆ ಸಿಕ್ಕ ಕಾಗುಯಾ ರಾಜಕುಮಾರಿ ತನ್ನನ್ನು ಕೇಳಿ ಬಂದ ಐದು ಜನರಿಗೆ ಅಸಾಧ್ಯವಾದ ಐದು ವಸ್ತು ತರಲು ಹೇಳುತ್ತಾಳೆ. ಒಬ್ಬನಿಗೆ ಹೇಳಿದ್ದು ತೆಂಜಿಕು ದೇಶದಲ್ಲಿರುವ ಬುದ್ಧನ ಕಲ್ಲಿನ ಭಿಕ್ಷಾಪಾತ್ರೆ. ತೆಂಜಿಕು ಅಂದರೆ ನಮ್ಮ ದೇಶ. ಅವನು ಹೊರಟೆ ಅಂತ ಸುಳ್ಳು ಹೇಳಿ, ಮೂರು ವರ್ಷ ಬಿಟ್ಟು, ಅಲ್ಲೇ ಬೆಟ್ಟದ ದೇವಸ್ಥಾನವೊಂದರ ಮಸಿ ಹಿಡಿದ ಪಾತ್ರೆ ತಂದು ಕೊಡುತ್ತಾನೆ, ಸಿಕ್ಕಿಬೀಳುತ್ತಾನೆ. ಅವನು ನಿಜವಾಗಿಯೂ ಹೊರಟು ಬಂದಿದ್ದರೆ? ಇಲ್ಲಿ ಅವನಿಗೆ ಯಾರು ಸಿಗುತ್ತಿದ್ದರು, ಏನು ತಿನ್ನುತ್ತಿದ್ದ, ಪಾತ್ರೆ ಸಿಕ್ಕ ಮೇಲೆ ವಾಪಸು ಹೋಗುವ ಮನಸ್ಸೇ ಬರದಿದ್ದರೆ? ಇದನ್ನು ಭಾರತದಲ್ಲಿ ಕೂತು ಬರೆಯಬಲ್ಲವರು ನಾವೇ. ಇಲ್ಲಿ ಅಪಾಯ ಇನ್ನೊಂದು ಬಗೆಯದು, ಹೊಸ ಕಥೆಯ ಭಾರ ಪೂರ್ತಿ ನಿಮ್ಮ ಮೇಲೆ ಬೀಳುತ್ತದೆ, ಹಳೆಯ ಕಥೆ ಕೈ ಹಿಡಿಯುವುದಿಲ್ಲ.

ಯಾವ ದಾರಿ ಹಿಡಿದರೂ ಗಟ್ಟಿಯಾಗಿ ಓದುತ್ತಾ ಬರೆಯಿರಿ. ಇಂಗ್ಲಿಷಿನಲ್ಲಿ ಕಳೆದುಹೋಗಿ ಕನ್ನಡದಲ್ಲಿ ವಾಪಸು ಸಿಗುವ ಒಂದು ಸೊತ್ತು ಇದೆ, ಅದು ಸದ್ದು. ಪೀಚ್ ಹಣ್ಣು ಹೊಳೆಯಲ್ಲಿ 'ದೊಂಬುರಾಕೊ ದೊಂಬುರಾಕೊ' ಅಂತ ತೇಲಿ ಬರುತ್ತದೆ, ಮಗ್ಗ 'ತೊಂಕರಾರಿ ತೊಂಕರಾರಿ' ಅನ್ನುತ್ತದೆ. ಗುಳುಗುಳು, ದಬದಬ, ಚುಮುಚುಮು ಅನ್ನುವ ನಮಗೆ ಇದು ಹೊಸದಲ್ಲ. ಅಲ್ಲಿಯೂ ಕಥೆ ಕೇಳುವವರು ನಡುನಡುವೆ ದನಿಗೂಡಿಸಬೇಕು, ನಮ್ಮಲ್ಲಿ ಹೂಂಗುಟ್ಟದಿದ್ದರೆ ಅಜ್ಜಿ ಕಥೆ ನಿಲ್ಲಿಸುತ್ತಾಳಲ್ಲ, ಹಾಗೆ. 'ಮುಕಾಶಿ ಮುಕಾಶಿ' ಅಂತ ಶುರುವಾಗುವುದನ್ನು 'ಹಿಂದೆ ಹಿಂದೆ' ಅಂತ ಶುರು ಮಾಡಬಹುದು. ಆದರೆ ಕೊಕ್ಕರೆ ಕಥೆಗೆ 'ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಹೀಗಿದ್ದೇವೆ' ಅನ್ನುವ ಮುಕ್ತಾಯ ಹಚ್ಚಬೇಡಿ, ಅದು ಅಲ್ಲಿ ಹೊಂದುವುದಿಲ್ಲ.

ಸಂಪಾದಕರಿಗೆ ಮತ್ತೆ ಕಳಿಸುವಾಗ ಕಥೆಯ ಕೆಳಗೆ ಎರಡು ಸಾಲು ಸೇರಿಸಿ. ಇದು ಜಪಾನಿನ ಕೊಕ್ಕರೆ ಕಥೆಯಿಂದ ಹುಟ್ಟಿದ್ದು, ಇಂಥ ಇಂಥ ರೂಪಗಳನ್ನು ಇಂಗ್ಲಿಷಿನಲ್ಲಿ ಓದಿದ್ದೇನೆ, ಇಂಥ ಜಾಗ ನಾನು ಬದಲಿಸಿದ್ದು ಅಂತ. ಕೊನೆಯನ್ನು ಯಾಕೆ ಉಳಿಸಿಕೊಂಡಿರಿ ಅಂತ ಅವರಿಗೆ ಬೇರೆ ಪತ್ರದಲ್ಲಿ ಬರೆಯಿರಿ, ಮಕ್ಕಳು ಶನಿವಾರ ಏನು ಕೇಳಿದರು ಅನ್ನುವುದನ್ನೂ ಅದರಲ್ಲಿ ಸೇರಿಸಿ. ಅವರು ಒಪ್ಪದಿದ್ದರೆ ಬೇರೆ ಪತ್ರಿಕೆಗೆ ಕಳಿಸಿ.